ಅಯ್ಯನಕೆರೆಯ ದಡದಲ್ಲಿ ಎರಡು ದಿನ

ಶನಿವಾರ ಬಂತೆಂದರೆ ನಮ್ಮ ಕಡೆಯ ತೋಟದ ರಸ್ತೆಗಳಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟುವುದು ಈಗ ಹೊಸ ಸಂಗತಿಯಲ್ಲ. 2001ರ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ, ಖಾಲಿ ಬಿದ್ದಿದ್ದ ಎರಡು ಕೋಣೆಗಳಿಗೆ ಸುಣ್ಣ ಬಳಿದು ಅತಿಥಿಗಳನ್ನು ಕರೆದ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಆ ಕಷ್ಟಕಾಲದಲ್ಲಿ ಹೋಂಸ್ಟೇ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿತು. ಅದರ ಬಗ್ಗೆ ಹಗುರವಾಗಿ ಮಾತನಾಡುವ ಉದ್ದೇಶ ನಮಗಿಲ್ಲ. ಆದರೆ ಇಷ್ಟು ವರ್ಷ ಅತಿಥಿಗಳನ್ನು ಬರಮಾಡಿಕೊಂಡ ನಾವು, ಮತ್ತೊಬ್ಬ ಬೆಳೆಗಾರರ ಮನೆಗೆ ದುಡ್ಡು ಕೊಟ್ಟು ಅತಿಥಿಗಳಾಗಿ ಹೋಗಿ ಒಂದು ದಿನವಾದರೂ ಇದ್ದು ನೋಡಿದ್ದೇವೆಯೇ?

ಕಳೆದ ಸಲ ಹಣ್ಣು ಕೊಯ್ಲು ಶುರುವಾಗುವ ಮುಂಚೆ, ಎರಡು ದಿನ ಬಿಡುವು ಮಾಡಿಕೊಂಡು, ಕುಟುಂಬ ಸಮೇತ ನಾವು ಅಯ್ಯನಕೆರೆಗೆ ಹೊರಟೆವು. ದೂರವೇನಿಲ್ಲ. ಚಿಕ್ಕಮಗಳೂರಿನಿಂದ ಕಡೂರಿನ ರಸ್ತೆಯಲ್ಲಿ ಸಖರಾಯಪಟ್ಟಣ ತಲುಪಿ, ಅಲ್ಲಿಂದ ಒಳದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕೆರೆಯ ಏರಿ ಕಾಣುತ್ತದೆ. ಪಕ್ಕದಲ್ಲಿ ಶಕುನಗಿರಿ, ಸುತ್ತ ಗುಡ್ಡಗಳು, ನಡುವೆ ಕಣ್ಣು ಹಾಯುವಷ್ಟು ದೂರ ನೀರು. ಊರ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಅರ್ಧ ಜನ ಈ ಕೆರೆಯನ್ನು ನೋಡಿಯೇ ಇರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಸಖರಾಯಪಟ್ಟಣದ ಪಾಳೇಗಾರ ರುಕ್ಮಾಂಗದರಾಯ ಈ ಕೆರೆಯನ್ನು ಕಟ್ಟಿಸಿದನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಸುಮಾರು ಒಂದೂವರೆ ಸಾವಿರ ಹೆಕ್ಟೇರ್ ಜಮೀನಿಗೆ ಈ ನೀರೇ ಆಧಾರ. ಏರಿಯ ಮೇಲೆ ನಿಂತು ಕೆಳಗೆ ನೋಡಿದರೆ ಅಡಿಕೆ, ತೆಂಗಿನ ತೋಟಗಳು ಹಸಿರು ಹಾಸಿದಂತೆ ಕಾಣುತ್ತವೆ. ಚಂದ ನೋಡುವುದಕ್ಕೆಂದು ಯಾರೂ ಈ ಕೆರೆಯನ್ನು ಕಟ್ಟಲಿಲ್ಲ, ಹೊಟ್ಟೆಪಾಡಿಗೆಂದು ಕಟ್ಟಿದರು. ಚಂದ ತಾನಾಗಿ ಬಂತು.

ನಾವು ಉಳಿದುಕೊಂಡದ್ದು ಅಚ್ಚುಕಟ್ಟಿನ ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ. ಹೆಂಚಿನ ಮನೆ, ಅತಿಥಿಗಳಿಗೆಂದು ಮೂರು ಕೋಣೆ, ಅಂಗಳದ ತುಂಬ ಅಡಿಕೆ. ಈಜುಕೊಳವಿಲ್ಲ, ಬಣ್ಣದ ದೀಪಗಳಿಲ್ಲ. ಯಜಮಾನರು ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಅಮ್ಮನವರು ಮೊದಲು ನೀರು, ಬೆಲ್ಲ ಕೊಟ್ಟು, ಆಮೇಲೆ ಕಾಫಿ ತಂದರು. ಫಿಲ್ಟರಿನಲ್ಲಿ ಇಳಿಸಿದ ಒಳ್ಳೆಯ ಡಿಕಾಕ್ಷನ್ ಕಾಫಿ. ಕಾಫಿ ಬೆಳೆಯದ ಮನೆಯಲ್ಲಿ ಇಂಥ ಕಾಫಿ! ಕಾಫಿ ತೋಟದ ನಡುವೆ ಮನೆ ಇಟ್ಟುಕೊಂಡು ಅತಿಥಿಗಳಿಗೆ ಬಾಟಲಿಯ ಇನ್‌ಸ್ಟಂಟ್ ಪುಡಿ ಕಲಸಿ ಕೊಡುವವರು ನಮ್ಮಲ್ಲಿದ್ದಾರೆ. ಲೋಟ ಕೆಳಗಿಡುವಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ರಾತ್ರಿ ಮನೆಯವರು ಉಂಡದ್ದನ್ನೇ ನಮಗೂ ಬಡಿಸಿದರು. ಮುದ್ದೆ, ಹುರುಳಿಕಟ್ಟಿನ ಸಾರು, ಮಜ್ಜಿಗೆ. ಊಟದ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಾ ಮನೆಮಂದಿ ಮಾತಿಗೆ ಕೂತರು. ನಮ್ಮ ಹೆಂಗಸರೂ ಮಕ್ಕಳೂ ಕೂಡಿಕೊಂಡರು. ಪಟ್ಟಣದಿಂದ ಬರುವವರು ಬಯಸುವುದೂ ಇದನ್ನೇ ಎಂಬುದು ನಮ್ಮ ಅಭಿಪ್ರಾಯ. ಅವರಿಗೆ ಬೇಕಾದದ್ದು ಹೋಟೆಲಾಗಿದ್ದರೆ ಅದು ಅವರ ಊರಿನಲ್ಲೇ ಸಿಗುತ್ತಿತ್ತು. ಮನೆಯೊಡೆಯರು ಪೇಟೆಯಲ್ಲಿದ್ದು, ಮನೆಯನ್ನು ಒಬ್ಬ ಮ್ಯಾನೇಜರನಿಗೆ ವಹಿಸಿ ನಡೆಸುವುದು ಹೋಂಸ್ಟೇ ಆಗಲಾರದು.

ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಒಂದಷ್ಟು ಹುಡುಗರು ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಊರಿಗೆಲ್ಲ ಕೇಳುವಂತೆ ಹಾಡು ಹಾಕಿದರು. ನಮ್ಮ ಯಜಮಾನರು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೋಗಿ, ಗದರಿಸದೆ, "ಇದು ನಮ್ಮ ಗದ್ದೆಗೂ ದನಕ್ಕೂ ಹೋಗೋ ನೀರಪ್ಪ. ಬಾಟ್ಲಿ ಇಲ್ಲಿ ಬಿಡಬೇಡಿ. ತೂಬಿನ ಹತ್ತಿರ ಇಳೀಬೇಡಿ, ಆಳ ಇದೆ" ಎಂದಷ್ಟೇ ಹೇಳಿದರು. ಹಾಡು ನಿಂತಿತು. ಆದರೂ ಅವರು ಹೋದ ಮೇಲೆ ನಾಲ್ಕು ಬಾಟಲಿ ಉಳಿದಿದ್ದವು. ಯಜಮಾನರು ಅವನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಬಂದರು. ಪಟ್ಟಣದವರ ಈ ಅಭ್ಯಾಸವನ್ನು ನಾವೂ ಜೋರಾಗಿಯೇ ಖಂಡಿಸಿದೆವು.

ಆಗ ಅವರು ಸಹಜವಾಗಿ ಒಂದು ಮಾತು ಕೇಳಿದರು: "ಅದಿರಲಿ, ನಿಮ್ಮ ಕಡೆ ಪಲ್ಪರ್ ನೀರನ್ನ ಎಲ್ಲಿಗೆ ಬಿಡ್ತೀರಿ?"

ಬಂಧುಗಳೇ, ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಬರಲಿಲ್ಲ. ಹೊಂಡ ಇದೆ ಎಂದೆವು. ಅದು ನಿಜ. ಆದರೆ ಕೊಯ್ಲು ಬಿರುಸಾದ ದಿನಗಳಲ್ಲಿ ಆ ಹೊಂಡ ತುಂಬಿ, ಒಡ್ಡಿನ ಮೇಲೆ ಹರಿದು, ರಾತ್ರೋರಾತ್ರಿ ಹಳ್ಳ ಸೇರುವುದೂ ನಿಜ. ನಾಲ್ಕು ಬಾಟಲಿ ಬಿಟ್ಟ ಹುಡುಗರನ್ನು ಬೈದ ನಾವು ಇದನ್ನು ಬಾಯಿ ಬಿಟ್ಟು ಹೇಳಲಾರದೆ ಹೋದೆವು.

ನಮ್ಮ ಹಳ್ಳ ಭದ್ರೆಗೆ ಸೇರುವಂಥದು, ಅಯ್ಯನಕೆರೆಗಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಅದು ಪೊಳ್ಳು ಸಮಾಧಾನ. ಅಯ್ಯನಕೆರೆಯ ನೀರು ಬರುವುದೂ ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಿಂದಲೇ. ಅಲ್ಲಿ ಹುಟ್ಟುವ ಗೌರಿಹಳ್ಳ ಈ ಕೆರೆಯಲ್ಲಿ ನಿಂತು, ವೇದಾ ನದಿಯಾಗಿ ಮುಂದೆ ಹೋಗುತ್ತದೆ. ಆವತಿಯೊಡನೆ ಕೂಡಿ ವೇದಾವತಿ ಎನಿಸಿ, 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರವನ್ನು ತುಂಬುತ್ತದೆ. ಗಿರಿಯ ಮೇಲೆ ಬಿದ್ದ ಮಳೆಯಿಂದ ಹಿರಿಯೂರಿನ ಬಯಲುಸೀಮೆಯ ತೋಟ ಹಸಿರಾಗುತ್ತದೆ. ಗಿರಿಯ ಯಾವ ಮಗ್ಗುಲಿನಲ್ಲಿ ತೋಟವಿದ್ದರೂ ಕೆಳಗೆ ಯಾರೋ ಒಬ್ಬ ರೈತ ಆ ನೀರಿಗೆ ಕಾದು ಕೂತಿರುತ್ತಾನೆ. ನಮ್ಮ ಸಂಘದಲ್ಲೇ ಕಾಫಿಯವರು ಮೇಲಿದ್ದಾರೆ, ಅಡಿಕೆಯವರು ಕೆಳಗಿದ್ದಾರೆ. ಒಂದೇ ಸಭೆಯಲ್ಲಿ ಪಕ್ಕಪಕ್ಕ ಕೂರುವವರು ನಾವು.

ಪಲ್ಪರ್ ನೀರು ಮಾಡುವ ಹಾನಿ ಬೆಳೆಗಾರರಿಗೆ ತಿಳಿಯದ ವಿಷಯವಲ್ಲ. ಹಣ್ಣಿನ ಸಿಪ್ಪೆ ಮತ್ತು ಲೋಳೆಯಲ್ಲಿರುವ ಸಕ್ಕರೆ ಅಂಶ ನೀರಿನಲ್ಲಿ ಹುಳಿತು ಆಮ್ಲವಾಗುತ್ತದೆ. ಅದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗಿ ಮೀನುಗಳು ಸಾಯುತ್ತವೆ. ನೀರು ಕಪ್ಪಗಾಗಿ ನಾರುತ್ತದೆ. ದನ ಮೂತಿ ಇಡುವುದಿಲ್ಲ. ಅದೂ ಕೊಯ್ಲಿನ ಕಾಲವೆಂದರೆ ಮಳೆ ನಿಂತು ಹಳ್ಳದ ಹರಿವು ದಿನೇ ದಿನೇ ಇಳಿಯುವ ಕಾಲ. ಮಳೆಗಾಲದಲ್ಲಾದರೆ ಕೊಚ್ಚಿ ಹೋಗುವ ಕೊಳೆ ಆಗ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಸಣ್ಣ ಬೆಳೆಗಾರರ ಮುಂದೆ ಕೆಲವು ಮಾತುಗಳನ್ನು ಇಡಬಯಸುತ್ತೇವೆ. ಹಣ್ಣು ಕೊಯ್ಲಿಗೆ ಆಳು ಹೊಂದಿಸುವ ಮೊದಲೇ ಹೊಂಡದ ಹೂಳು ತೆಗೆಸಿ ಒಡ್ಡನ್ನು ಭದ್ರಪಡಿಸಬೇಕು. ಒಂದೇ ಹೊಂಡವಿದ್ದವರು ಇನ್ನೊಂದು ತೋಡಿಸಬೇಕು. ಹುಳಿ ನೀರಿಗೆ ಸುಣ್ಣ ಹಾಕಿ, ನಿಲ್ಲಿಸಿ, ತಿಳಿಯಾದ ಮೇಲೆ ಮುಂದಿನ ಹೊಂಡಕ್ಕೆ ಬಿಡಬೇಕು. ಸಿಪ್ಪೆಯನ್ನು ಬೇರೆಯಾಗಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿದರೆ ಅದು ತೋಟಕ್ಕೇ ವಾಪಸು ಬರುತ್ತದೆ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಪಲ್ಪರುಗಳು ಬಂದಿವೆ. ಒಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಕೂಡಿ ಒಂದನ್ನು ತರಬಹುದು. ಹಣ್ಣನ್ನು ಹಾಗೆಯೇ ಒಣಗಿಸಿ ಚೆರ್ರಿ ಮಾಡುವವರಿಗೆ ಈ ತಾಪತ್ರಯವೇ ಇಲ್ಲ. ಪಾರ್ಚ್‌ಮೆಂಟಿಗೆ ಸಿಗುವ ಹೆಚ್ಚಿನ ಬೆಲೆಯನ್ನು ಲೆಕ್ಕ ಹಾಕುವಾಗ ಹೊಂಡದ ಖರ್ಚನ್ನೂ ಅದರೊಳಗೇ ಸೇರಿಸಿಕೊಳ್ಳುವುದು ನ್ಯಾಯ. ಈಗ ಆ ಖರ್ಚನ್ನು ನಾವು ಕೆಳಗಿನವರ ತಲೆಗೆ ಕಟ್ಟುತ್ತಿದ್ದೇವೆ.

ಹೋಂಸ್ಟೇ ನಡೆಸುವವರಿಗೆ ಇದರಲ್ಲಿ ಸ್ವಂತದ ಲಾಭವೂ ಇದೆ. ಕೋಣೆ ನಮ್ಮದು, ಹಾಸಿಗೆ ನಮ್ಮದು. ಆದರೆ ಅತಿಥಿಗಳು ಬರುವುದು ಅದಕ್ಕಲ್ಲ. ಅವರು ಬರುವುದು ಹಳ್ಳಕ್ಕೆ, ಕೆರೆಗೆ, ಗಿರಿಗೆ. ಅವು ಯಾರೊಬ್ಬರ ಹೆಸರಿನ ಪಹಣಿಯಲ್ಲೂ ಇಲ್ಲ. ನಮ್ಮದಲ್ಲದ ವಸ್ತುವನ್ನು ತೋರಿಸಿ ನಾವು ಬಾಡಿಗೆ ಪಡೆಯುತ್ತಿದ್ದೇವೆ ಎಂದ ಮೇಲೆ ಅದನ್ನು ಕಾಯುವ ಹೊಣೆಯೂ ನಮ್ಮದೇ. ನೀರು ನಾರುವ ಹಳ್ಳದ ದಡಕ್ಕೆ ಎರಡನೆಯ ಸಲ ಯಾರೂ ಬರುವುದಿಲ್ಲ.

ಭಾನುವಾರ ಸಂಜೆ ಹೊರಟಾಗ ಯಜಮಾನರು ಒಂದು ಗೊನೆ ಬಾಳೆ ಕಾರಿಗೆ ಇಡಿಸಿದರು. ನಾವು ಮನೆಯಲ್ಲಿ ಹುರಿದು ಬೀಸಿದ ಕಾಫಿ ಪುಡಿಯನ್ನು ಕೊಟ್ಟೆವು. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ಬಾಕಿ ಉಳಿಯಿತು. ಊರಿಗೆ ಬಂದ ವಾರದಲ್ಲೇ ನಾವು ಎರಡನೆಯ ಹೊಂಡಕ್ಕೆ ಗುದ್ದಲಿ ಹಾಕಿಸಿದೆವು.

ಪ್ರತಿ ಬೆಳೆಗಾರರೂ ವರ್ಷಕ್ಕೊಮ್ಮೆ, ಕೊಯ್ಲಿಗೆ ಮುಂಚೆ, ಎರಡು ದಿನ ಬಿಡುವು ಮಾಡಿಕೊಂಡು ತಮ್ಮ ಹಳ್ಳದ ನೀರು ಎಲ್ಲಿಗೆ ಹೋಗುತ್ತದೋ ಆ ಊರಿಗೆ ಹೋಗಿ ಬರಲಿ ಎಂಬುದು ನಮ್ಮ ಸಲಹೆ. ಅಲ್ಲಿ ಒಂದು ಕೆರೆ ಇರುತ್ತದೆ, ಬರಮಾಡಿಕೊಳ್ಳುವ ಒಂದು ಮನೆಯೂ ಇರುತ್ತದೆ. ಆ ಮನೆಯ ಯಜಮಾನರು ಪಲ್ಪರ್ ನೀರಿನ ಮಾತು ಎತ್ತಿದರೆ ತಲೆ ತಗ್ಗಿಸದೆ ಉತ್ತರ ಹೇಳುವಂತಿರಬೇಕು. ಕೊಯ್ಲು ಹತ್ತಿರ ಬರುತ್ತಿದೆ. ಹೊಂಡದ ಕಡೆ ಇಂದೇ ಒಂದು ಸುತ್ತು ಹೋಗಿ ಬನ್ನಿ.