ಕರುಣೆಗೂ ಪರವಾನಗಿ ಬೇಕೇ?

"ಇನ್ನು ನಮ್ಮಿಂದೇನೂ ಆಗದು, ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯವರು ಕೈಚೆಲ್ಲಿದ ಬಳಿಕ ರೋಗಿಯು ಎಲ್ಲಿಗೆ ಹೋಗಬೇಕು? ಮನೆಯಿದ್ದು, ನೋಡಿಕೊಳ್ಳುವ ಕೈಗಳೂ ಇದ್ದರೆ ಸರಿ. ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಸಾಗಿಸುವವರ, ಹಿಂದುಮುಂದಿಲ್ಲದವರ ಪಾಡೇನು? ಈ ಪ್ರಶ್ನೆಗೆ ಸರಕಾರಕ್ಕಿಂತ ಮೊದಲು ಉತ್ತರಿಸಿದವರು ಸ್ವಯಂಸೇವಕರು. 1952ರಲ್ಲಿ ಮದರ್ ತೆರೇಸಾ ಕೋಲ್ಕತಾದ ಕಾಳಿಘಾಟ್‌ನಲ್ಲಿ ನಿರ್ಮಲ ಹೃದಯವನ್ನು ತೆರೆದರು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರ್ ರೋಗಿಗಳಿಗೆ ಕೊನೆಯ ದಿನಗಳಲ್ಲಿ ಉಚಿತ ಆರೈಕೆ ನೀಡುತ್ತಾ ಬಂದಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಆಂದೋಲನವು ಮಲಪ್ಪುರಂನ ಸಾಮಾನ್ಯ ಜನರನ್ನೂ ರೋಗಿಗಳ ಮನೆಬಾಗಿಲಿಗೆ ಕರೆತಂದಿತು.

ಇಂತಹ ಸೇವಾಧಾಮಗಳನ್ನು ಪರವಾನಗಿಯ ನಿರ್ಬಂಧದಿಂದ ಮುಕ್ತಗೊಳಿಸಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕೇಂದ್ರದ 2010ರ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವ್ಯಾಖ್ಯೆ ಎಷ್ಟು ವಿಶಾಲವೆಂದರೆ, ಕಾಯಿಲೆಗೆ ಆರೈಕೆ ನೀಡುವ ಯಾವುದೇ ಸಂಸ್ಥೆಯನ್ನು ಅದರೊಳಗೆ ಎಳೆದು ತರಬಹುದು. ಅದರಿಂದ ಹೊರಗಿರುವುದು ಸೇನೆಯ ಸಂಸ್ಥೆಗಳು ಮಾತ್ರ. ಕರ್ನಾಟಕಕ್ಕೆ 2007ರ ತನ್ನದೇ ಕಾಯ್ದೆಯಿದೆ. ಶಸ್ತ್ರಚಿಕಿತ್ಸೆಯಿಲ್ಲದ, ಶುಲ್ಕವಿಲ್ಲದ, ನಾಲ್ಕು ಮಂಚಗಳ ಮನೆಯನ್ನು ಖಾಸಗಿ ಆಸ್ಪತ್ರೆಯ ಅಳತೆಗೋಲಿನಿಂದಲೇ ಅಳೆದರೆ ಸೇವೆ ಮಾಡಹೊರಟವರು ಕಚೇರಿಗಳನ್ನು ಅಲೆಯುವುದರಲ್ಲೇ ಸೋತುಹೋಗುತ್ತಾರೆ.

ಹಾಗೆಂದು ಸಂಪೂರ್ಣ ವಿನಾಯಿತಿಯನ್ನು ಬೆಂಬಲಿಸಲು ನಮಗೆ ಸಾಧ್ಯವಿಲ್ಲ. 2023ರ ಫೆಬ್ರವರಿಯಲ್ಲಿ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯಲ್ಲಿ ಪರವಾನಗಿಯಿಲ್ಲದೆ ನಡೆಯುತ್ತಿದ್ದ ಆಶ್ರಮವೊಂದರಿಂದ 140ಕ್ಕೂ ಹೆಚ್ಚು ಮಂದಿಯನ್ನು ಅಧಿಕಾರಿಗಳು ಹೊರತಂದರು. ಅಲ್ಲಿ ದೌರ್ಜನ್ಯ ನಡೆದಿದೆಯೆಂಬ ಗಂಭೀರ ಆರೋಪಗಳು ಕೇಳಿಬಂದವು. ಸಾವಿನ ಹೊಸ್ತಿಲಲ್ಲಿರುವವನು ದೂರು ಕೊಡಲಾರ, ಎದ್ದು ಹೋಗಲೂ ಆರ. ಸೇವೆಯ ಫಲಕ ತೂಗುಹಾಕಿದವರೆಲ್ಲರೂ ಸೇವಕರೆಂದು ನಂಬಿ ಕಾನೂನು ಕಣ್ಮುಚ್ಚಿಕೊಳ್ಳುವುದಾದರೆ ಅದರ ಬೆಲೆ ತೆರುವವನು ಅವನೇ.

ಹಾಗಾದರೆ ದಾರಿ ಯಾವುದು? ನೋವು ನಿವಾರಕ ಮಾರ್ಫಿನ್‌ನ ಕಥೆಯಲ್ಲಿ ಅದಕ್ಕೆ ಉತ್ತರವಿದೆ. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಅದಕ್ಕಾಗಿ ಹಲವು ಪರವಾನಗಿಗಳನ್ನು ಪಡೆಯಬೇಕಾಗಿತ್ತು. ಅನೇಕರು ಆ ಗೊಡವೆಯೇ ಬೇಡವೆಂದರು. ರೋಗಿಗಳು ನರಳುತ್ತಲೇ ಸತ್ತರು. 2014ರ ತಿದ್ದುಪಡಿಯು ಆ ಜಟಿಲತೆಯನ್ನು ಬಿಡಿಸಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ಏಕರೂಪದ ಸರಳ ವ್ಯವಸ್ಥೆಯನ್ನು ರೂಪಿಸಿತು. ಅಲ್ಲಿ ಕಾವಲನ್ನು ಕೈಬಿಡಲಿಲ್ಲ, ಅಡೆತಡೆಗಳನ್ನು ಕಡಿಮೆಗೊಳಿಸಲಾಯಿತು.

ಸ್ವಯಂಸೇವಕರ ಪುಟ್ಟ ಧಾಮಗಳಿಗೂ ಅದೇ ನೀತಿ ಅನ್ವಯವಾಗಲಿ. ಅವುಗಳಿಗೆ ಪ್ರತ್ಯೇಕ ವರ್ಗವಿರಲಿ, ಶುಲ್ಕವಿಲ್ಲದ ಸರಳ ನೋಂದಣಿಯಿರಲಿ. ಮಂಚಗಳ ಸಂಖ್ಯೆಗೆ ಮಿತಿ, ನಿಯಮಿತವಾಗಿ ಭೇಟಿ ನೀಡುವ ವೈದ್ಯರು, ರೋಗಿಯ ಸಮ್ಮತಿಯ ದಾಖಲೆ, ಬಂಧುಗಳಿಗೆ ಸದಾ ತೆರೆದ ಬಾಗಿಲು, ಪ್ರತಿ ಮರಣದ ನೋಂದಣಿ, ಮುನ್ಸೂಚನೆಯಿಲ್ಲದ ತಪಾಸಣೆ ಇವಿಷ್ಟು ಕಡ್ಡಾಯವಾಗಿರಲಿ. ಪ್ರಾಮಾಣಿಕ ಸೇವಕನಿಗೆ ಇದು ಭಾರವಾಗದು. ಇದು ಭಾರವೆನ್ನುವವರ ಕೈಗೆ ರೋಗಿಯನ್ನು ಒಪ್ಪಿಸುವುದೂ ಸಲ್ಲದು.

ಕೊನೆಯದಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಮಾತಿದೆ. ಮೊಹಲ್ಲಾದಲ್ಲಿ ಮರಣವಾದರೆ ನಮ್ಮವರು ನೂರಾರು ಸಂಖ್ಯೆಯಲ್ಲಿ ಸೇರುತ್ತಾರೆ. ಮಯ್ಯಿತ್‌ನ ಸ್ನಾನ, ಕಫನ್, ದಫನ್ ಯಾವುದಕ್ಕೂ ಕೊರತೆಯಾಗುವುದಿಲ್ಲ. ಆದರೆ ಅದಕ್ಕೆ ಮುಂಚಿನ ಮೂರು ತಿಂಗಳು, ಬೆನ್ನಹುಣ್ಣಿನೊಂದಿಗೆ ಆತ ಒಂಟಿಯಾಗಿ ಮಲಗಿದ್ದಾಗ ನಾವೆಲ್ಲ ಎಲ್ಲಿದ್ದೆವು? ಜನಾಝಕ್ಕೆ ಹೆಗಲು ಕೊಡುವ ಜಮಾಅತ್, ಜೀವ ಇರುವಾಗಲೇ ಆ ಮಂಚದ ಬಳಿ ಕುಳಿತುಕೊಳ್ಳಲು ಕಲಿಯಬೇಕಾಗಿದೆ. ಅದಕ್ಕೆ ಯಾವ ಸರಕಾರದ ಪರವಾನಗಿಯೂ ಬೇಕಿಲ್ಲ.