ಬೋಲ್ಟು ಮುರಿದರ ಹುಡುಗನ ಪಗಾರ ಯಾಕ ಮುರೀತೀರಿ?

ಪೋಸ್ಟ್ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನಮ್ಮದೇ ಒಂದು ಹೋರಾಟದ ವಾಟ್ಸಾಪ್ ಗುಂಪಿನಲ್ಲಿ ಹಿರಿಯರೊಬ್ಬರು ತಮ್ಮ ಹಳೇ ಸ್ಪ್ಲೆಂಡರಿನ ಫೋಟೋ ಹಾಕಿ ಬರೆದಿದ್ದರು: “ಸೈಲೆನ್ಸರ್ ಬಿಚ್ಚಂದ್ರ ಸ್ಟಡ್ ಮುರಿದು ಕೊಟ್ಟಾನ. ಈ ಗ್ಯಾರೇಜ್ ಹುಡುಗರಿಗೆ ಸುತ್ತಿಗಿ ಬಿಟ್ರ ಏನ್ ಗೊತ್ತೈತಿ? ನಾಕಕ್ಷರ ಓದಿದ್ರ ಹಿಂಗಾಗ್ತಿದ್ದಿಲ್ಲ.” ಕೆಳಗೆ ಸಾಲು ಸಾಲು ನಗುವ ಮುಖಗಳು. ಆ ಹುಡುಗ ನಮ್ಮ ಕೇರಿಯವ. ಮುರಿದ ಸ್ಟಡ್ಡಿನ ಖರ್ಚನ್ನು ಮಾಲಕ ಅವನ ಪಗಾರದಲ್ಲಿ ಮುರ್ಕೊಂಡ, ಅದು ಗುಂಪಿನಲ್ಲಿ ನಕ್ಕವರಿಗೆ ಗೊತ್ತಿರಲಿಲ್ಲ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಆ ಮಾತು ಸರಿ ಅಲ್ಲ. ನಾನೂ ನಾಲ್ಕು ವರ್ಷ ಗಂಗಾವತಿಯ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದವನು. ಜಾಮ್ ಆದ ಬೋಲ್ಟು ಬಿಚ್ಚೋದು ಸುತ್ತಿಗಿ ಕೆಲಸ ಅಲ್ಲ, ತಲಿ ಕೆಲಸ.

ಬೋಲ್ಟು ಯಾಕ ಜಾಮ್ ಆಗ್ತೈತಿ? ಬೈಕಿನ ಇಂಜಿನ್ ಕೇಸು ಅಲ್ಯೂಮಿನಿಯಂ, ಅದರೊಳಗೆ ಕೂತ ಬೋಲ್ಟು ಉಕ್ಕು. ಎರಡು ಬೇರೆ ಬೇರೆ ಲೋಹ ತಾಗಿ ಕೂತಲ್ಲಿ ನೀರು ಹೊಕ್ಕರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಉಬ್ಬಿ ಥ್ರೆಡ್ಡಿನ ಸಂದಿ ತುಂಬುತ್ತದೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಗಾಡಿ ಕೆಸರಿನಲ್ಲೇ ಹೋಗಬೇಕು, ಕಾಲುವೆ ನೀರಲ್ಲೇ ತೊಳೀಬೇಕು. ಕುಷ್ಟಗಿ, ಯಲಬುರ್ಗಾ ಒಣ ಬೇಸಾಯದ ಸೀಮೆ. ಅಲ್ಲಿ ಧೂಳು ಆಯಿಲ್ ಜೊತೆ ಕಲೆತು ಸ್ಕ್ರೂ ತಲೆಯ ಕುಳಿಯಲ್ಲಿ ಗಾರೆಯ ಹಾಗೆ ಕೂತಿರುತ್ತದೆ. ಡ್ರೈವರ್ ಪೂರ್ತಿ ಇಳಿಯಲ್ಲ, ಅರ್ಧಕ್ಕೆ ಜಾರಿ ತಲೆ ಸವೆಸುತ್ತದೆ. ಗಿಣಿಗೇರಿ ಕಡೆ ಗಾಡಿಗಳಿಗೆ ಫ್ಯಾಕ್ಟರಿಗಳ ಕರಿ ಧೂಳು ಬೇರೆ. ಸೈಲೆನ್ಸರ್ ಸ್ಟಡ್ಡಂತೂ ದಿನಾ ಕಾಯ್ದು ದಿನಾ ಆರುತ್ತದೆ, ಐದಾರು ಮಳೆಗಾಲ ಕಳೆದರೆ ನಟ್ಟು ಯಾವುದು ಸ್ಟಡ್ಡು ಯಾವುದು ಗೊತ್ತಾಗಂಗಿಲ್ಲ. ಇಷ್ಟರ ಮೇಲೆ, ಹಿಂದೆ ಬಿಗಿದವ ಹೆಂಗ ಬಿಗಿದಾನ? ಆರು ಮಿಲಿಮೀಟರ್ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ಅಂದರೆ ಗೇಣುದ್ದದ ಪಾನಾದ ತುದಿಗೆ ನಾಲ್ಕೈದು ಕಿಲೋ ತೂಗುಬಿಟ್ಟಷ್ಟು, ಅಷ್ಟೇ. “ಗಟ್ಟಿ ಬಿಗಿಯಪಾ” ಅಂತ ಬಾಜೂಕ ನಿಂತು ಹೇಳಿದವರು ಯಾರು? ಗಿರಾಕಿಗಳಾದ ನಾವೇ ತಾನೇ?

ಬಿಚ್ಚುವುದಕ್ಕೊಂದು ಹದ ಇದೆ. ಮೊದಲು ತಂತಿ ಬ್ರಷ್‌ನಿಂದ ತಿಕ್ಕಬೇಕು. ಜಂಗು ಬಿಡಿಸುವ ಎಣ್ಣೆ ಹೊಡೆದು ಬಿಡಬೇಕು, ಹತ್ತು ನಿಮಿಷ ಅಲ್ಲ, ಆದರೆ ಒಂದು ರಾತ್ರಿ. ಬೋಲ್ಟಿನ ತಲೆಗೆ ನೇರವಾಗಿ ಸಣ್ಣ ಸಣ್ಣ ಪೆಟ್ಟು; ಆ ಅದುರಿಗೆ ಜಂಗು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಬಾಯಿ ತೆರೆದ ಪಾನಾ ಹಾಕಬಾರದು, ಆರು ಮೂಲೆಯ ಸಾಕೆಟ್ಟೇ ಬೇಕು. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ ತಿರುವಿ, ಆಮೇಲೆ ಬಿಚ್ಚುವ ಕಡೆ ತಿರುವಬೇಕು. ಅಲುಗಿತು ಅಂತ ಒಂದೇ ಸಮ ತಿರುವಿದರೆ ಕೆಟ್ಟಿತು. ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ, ಎಣ್ಣೆ ಹನಿಸು, ಮತ್ತೆ ಬಿಚ್ಚು. ಸ್ಟಡ್ಡು ಮುರಿಯೋ ಮುಂಚೆ ಕೈಗೆ ಹೇಳ್ತೈತಿ: ಪಾನಾ ತಿರುಗತೈತಿ, ಆದ್ರ ಬಿಗಿ ಸಡಿಲ ಆಗಂಗಿಲ್ಲ, ಬೆಲ್ಲದ ಪಾಕದಾಗ ಸೌಟು ತಿರುವಿದಂಗ ಮೆತ್ತಗ ಹೊಳ್ಳತೈತಿ. ಅಲ್ಲಿ ಕೈ ನಿಲ್ಲಿಸಿದವನೇ ಮಿಸ್ತ್ರಿ.

ಅಷ್ಟಕ್ಕೂ ಬರದಿದ್ದರೆ ಶಾಖ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಸುಳಿವಿಲ್ಲದ ಹಾಗೆ ಮಾಡಿದ ಮೇಲೆ ಮಾತ್ರ. ಕೇಸಿನ ಬೋಲ್ಟಾದರೆ ಕಾಯಿಸಬೇಕಾದ್ದು ಬೋಲ್ಟನ್ನಲ್ಲ, ಸುತ್ತಲಿನ ಅಲ್ಯೂಮಿನಿಯಂ ಅನ್ನು. ಅಷ್ಟೇ ಶಾಖಕ್ಕೆ ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ವ್ಯಾಕೋಚನ ಅಂತಾರೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಅದನ್ನು ಕೈಯಾರೆ ಮಾಡ್ತಾನೆ. ಇಷ್ಟಾಗಿಯೂ ಮುರಿದರೆ, ಮುರಿದ ತುಂಡಿನ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುವಬಹುದು. ಇಲ್ಲಾ ನಡುಮಧ್ಯಕ್ಕೆ ಪಂಚ್ ಹೊಡೆದು ಡ್ರಿಲ್ ಮಾಡಿ ಈಸಿ ಔಟ್ ಹಾಕಬೇಕು. (ಹೆಸರಷ್ಟೇ ಈಸಿ. ಅದು ಒಳಗ ಮುರಿದರೆ ಸಾದಾ ಡ್ರಿಲ್ಲಿಗೆ ಬಗ್ಗುವುದಿಲ್ಲ, ಅಷ್ಟು ಗಟ್ಟಿ ಉಕ್ಕು. ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಬೇಕು.)

ಈಗ ಹೇಳ್ರಿ, ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸುವ ಕೆಲಸವನ್ನು ನಾವು ಹುಡುಗನಿಗೆ ಎಷ್ಟು ಹೊತ್ತು ಕೊಡ್ತೀವಿ? “ಚಾ ಕುಡಿದು ಬರ್ತೀನಿ, ರೆಡಿ ಇಡು” ಅಂತೀವಿ. ಬಿಚ್ಚಿದ್ದಕ್ಕೆ ರೊಕ್ಕ ಕೊಡ್ತೀವಿ, ಕಾಯ್ದದ್ದಕ್ಕೆ ಕೊಡಲ್ಲ. ಇಂಪ್ಯಾಕ್ಟ್ ಡ್ರೈವರ್ ಇಲ್ಲ, ಒಳ್ಳೆ ಸಾಕೆಟ್ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ. ಇರೋದು ಬಾಯಿ ಸವೆದ ಪಾನಾ ಮತ್ತು ಸುತ್ತಿಗಿ. ಅವನ ಕೈಗೆ ಸುತ್ತಿಗಿ ಅಷ್ಟೇ ಕೊಟ್ಟು, ಅವನಿಗೆ ಸುತ್ತಿಗಿ ಅಷ್ಟೇ ಗೊತ್ತು ಅನ್ನೋದು ಯಾವ ನ್ಯಾಯ?

ಪಗಾರದ ಮಾತು. ಕಾರ್ಮಿಕ ಸಂಹಿತೆಗಳ ಬಗ್ಗೆ ನಮ್ಮ ತಕರಾರು ಬೇರೆ ಇವೆ, ಅದನ್ನು ಇನ್ನೊಮ್ಮೆ ಬರೀತೀನಿ. ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಹೇಳೋದು ಇಷ್ಟೇ: ಹಾನಿ ಕೆಲಸಗಾರನ ನಿರ್ಲಕ್ಷ್ಯದಿಂದ ಆಗಿರಬೇಕು, ಕಡಿತಕ್ಕೆ ಮೊದಲು ಅವನ ಮಾತು ಕೇಳಿರಬೇಕು. ಸವೆದ ಪಾನಾ ಹಾಕಿ ಅವಸರದಲ್ಲಿ ತಲೆ ಜಾರಿಸಿದರೆ ಹುಡುಗನದೂ ತಪ್ಪು ಇರಬಹುದು, ಇಲ್ಲ ಅನ್ನಲ್ಲ. ಆದರೆ ಗಾಡಿ ಮಾಲಕ ವರ್ಷಾನುಗಟ್ಟಲೆ ಬೆಳೆಸಿದ ಜಂಗು ಹುಡುಗನ ನಿರ್ಲಕ್ಷ್ಯ ಹೆಂಗಾಗ್ತೈತಿ?

ಇನ್ನೊಂದು ಸಂಗತಿ ಇದೆ, ನನಗೆ ಇದೇ ದೊಡ್ಡದು. ನಮ್ಮ ಜಿಲ್ಲೆ ಯಾವುದು ಅಂತ ಮರೀಬ್ಯಾಡ್ರಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕಟಿಂಗ್ ಅಂಗಡಿ, ಹೋಟೆಲ್ ಪ್ರವೇಶ ಕೇಳಿದ್ದಕ್ಕೆ ಬೆಳೆದ ದ್ವೇಷದಲ್ಲಿ 2014ರಲ್ಲಿ ನಮ್ಮ ಮನೆಗಳಿಗೆ ಬೆಂಕಿ ಬಿತ್ತು; ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್ 24ಕ್ಕೆ, ಹತ್ತು ವರ್ಷದ ಮೇಲೆ. ಅದೇ ವರ್ಷ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲೂಕಿನ ಸಂಗನಹಾಳದಲ್ಲಿ ಕಟಿಂಗ್ ವಿಷಯಕ್ಕೇ ನಮ್ಮ ಹುಡುಗನ ಜೀವ ಹೋಯಿತು. ಇಂಥ ಜಿಲ್ಲೆಯಲ್ಲಿ ನಮ್ಮ ಹುಡುಗ ಹೊಲ, ಚರ್ಮ, ಗಟಾರ ಬಿಟ್ಟು ಇಂಜಿನ್ ಬಿಚ್ಚೋದು ಕಲಿತಾನೆ. ಅವನ ಅಪ್ಪ ಕಲಿಸಿದ್ದಲ್ಲ, ಜಾತಿ ಕೊಟ್ಟಿದ್ದಲ್ಲ. ಕಟಿಂಗ್ ಅಂಗಡಿಗೆ ಬಾಗಿಲು ಐತಿ, ಮುಚ್ಚಬಹುದು. ರಸ್ತೆ ಬದಿಯ ಗ್ಯಾರೇಜಿಗೆ ಬಾಗಿಲೇ ಇಲ್ಲ, ಗೌಡರ ಬುಲೆಟ್ಟೂ ಅವನ ಮುಂದೆ ಬಂದು ನಿಲ್ಲಬೇಕು.

ಇವನಿಗೆ ಸರ್ಕಾರ ಏನು ಕೊಡ್ತು? 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ 18 ವೃತ್ತಿಗಳಿವೆ. ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಚಮ್ಮಾರ, ಬುಟ್ಟಿ ಹೆಣೆಯುವವರು ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ ವರೆಗೆ, ಶೇ 5ರ ಬಡ್ಡಿಯಲ್ಲಿ ಸಾಲ. ಅವರಿಗೆ ಸಿಗಲಿ, ಬೇಡ ಅನ್ನಲ್ಲ. ಆದರೆ ಬೈಕ್ ಮೆಕ್ಯಾನಿಕ್ ಇಲ್ಲ, ಯಾಕಂದ್ರೆ ಅದು ಮನೆತನದ ಪಾರಂಪರಿಕ ವೃತ್ತಿ ಅಲ್ಲ. ಹುಡುಗ ಅಜ್ಜನ ಹಾಗೆ ಚಪ್ಪಲಿ ಹೊಲಿದರೆ ಉಪಕರಣ ಸಿಗ್ತೈತಿ, ಕ್ಲಚ್ ಪ್ಲೇಟ್ ಹಾಕಿದ್ರ ಇಲ್ಲ! ಹುಟ್ಟಿನಿಂದ ಕೆಲಸ ಗಂಟು ಹಾಕೋ ಪದ್ಧತಿ ಜನರನ್ನು ನಿರುದ್ಯೋಗಕ್ಕೆ ತಳ್ಳುತ್ತದೆ ಅಂತ ಬಾಬಾಸಾಹೇಬರು 1936ರಲ್ಲೇ ವಾದ ಮಾಡಿದ್ದರು. ಕುಟುಂಬದ ವೃತ್ತಿ ಅನ್ನೋ ಷರತ್ತು ತೆಗೀರಿ ಅಂತ ಕೇಳಿದ ತಮಿಳುನಾಡು ಸರ್ಕಾರ, 2024ರ ನವೆಂಬರ್‌ನಲ್ಲಿ ಈ ರೂಪದಲ್ಲಿ ಯೋಜನೆ ಬೇಡ ಅಂದಿತು. ನಮ್ಮ ರಾಜ್ಯಕ್ಕೂ ಬಾಯಿ ಇದೆ. ಇಂಪ್ಯಾಕ್ಟ್ ಡ್ರೈವರ್, ಸಾಕೆಟ್ ಸೆಟ್ಟು, ಬಿಸಿಗಾಳಿ ಗನ್ನು, ಟ್ಯಾಪ್ ಸೆಟ್ಟು, ಕಣ್ಣಿನ ಕನ್ನಡಕ, ಇಷ್ಟೂ ಅದೇ 15,000ದೊಳಗೆ ಬರ್ತಾವ.

ಕೈಯಲ್ಲಿ ಸದ್ಯಕ್ಕಿರೋದು ಒಂದು. 2024ರಲ್ಲಿ ರಾಜ್ಯ ಸರ್ಕಾರ ತಂದ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆಯಲ್ಲಿ ಗ್ಯಾರೇಜ್ ಕೆಲಸಗಾರರೂ ಬರ್ತಾರೆ. ಏಳೂ ತಾಲೂಕಿನ ಗ್ಯಾರೇಜ್ ಹುಡುಗರ ಹೆಸರು ಬರೆಯೋಕೆ ಕೂತಿದ್ದೀನಿ, ಕಾರ್ಮಿಕ ಇಲಾಖೆಗೆ ಒಟ್ಟಿಗೆ ಹೋಗೋಣ. ನಿಮ್ಮೂರಿನವರ ಹೆಸರು ಇನ್‌ಬಾಕ್ಸಿಗೆ ಕಳಿಸ್ರಿ. ಹದಿನಾಲ್ಕು ತುಂಬದ ಕೂಸು ಪಾನಾ ಹಿಡಿದಿದ್ರ ಅದನ್ನ ಮೊದಲು ತಿಳಿಸ್ರಿ, ಅದರ ಪಟ್ಟಿ ಬ್ಯಾರೆ. ಮತ್ತ ಗಾಡಿ ಕೆಲಸಕ್ಕ ಬಿಡೋರು ಹಿಂದಿನ ದಿನ ಸಂಜೀಕ ಬಿಟ್ಟು ಬರ್ರಿ, ಎಣ್ಣಿ ರಾತ್ರಿಯೆಲ್ಲಾ ಇಳೀಲಿ.

ಜೈ ಭೀಮ್.