ಭವಿಷ್ಯದ ನಗರದಲ್ಲಿ ಬಸ್ ಸ್ಟಾಪ್ ಎಲ್ಲಿದೆ?

ಭವಿಷ್ಯದ ನಗರದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಪತ್ರಿಕೆಗಳ ಇಡೀ ಪುಟದ ಜಾಹೀರಾತುಗಳಲ್ಲಿ, ಹೂಡಿಕೆದಾರರ ಸಮಾವೇಶದ ಫ್ಲೆಕ್ಸುಗಳಲ್ಲಿ, ಮೊಬೈಲಿನ ವಿಡಿಯೊಗಳಲ್ಲಿ ಅವು ಬರುತ್ತಲೇ ಇರುತ್ತವೆ. ಗಾಜಿನ ಕಟ್ಟಡಗಳು, ಅವುಗಳ ನಡುವೆ ಬಳುಕುವ ಮೇಲ್ಸೇತುವೆಗಳು, ಆಕಾಶದಲ್ಲೊಂದು ಹಾರುವ ಟ್ಯಾಕ್ಸಿ. ಆ ಚಿತ್ರಗಳಲ್ಲಿ ನಾನು ಹುಡುಕುವುದು ಒಂದು ಬಸ್ ಸ್ಟಾಪನ್ನು. ಈವರೆಗೆ ಸಿಕ್ಕಿಲ್ಲ. ಸೊಪ್ಪಿನ ಬುಟ್ಟಿ ಹೊತ್ತವರು, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳು, ಮಂಡಿನೋವಿನ ಅಜ್ಜಿ, ಯಾರೂ ಅಲ್ಲಿಲ್ಲ. ಚಿತ್ರ ಬರೆದವರು ಮರೆತಿರಬಹುದು ಎಂದು ಸುಮ್ಮನಿರಬಹುದಿತ್ತು. ಆದರೆ ಬೆಂಗಳೂರಿನಲ್ಲಿ ಸರ್ಕಾರ ಹಮ್ಮಿಕೊಳ್ಳುತ್ತಿರುವ ಯೋಜನೆಗಳನ್ನು ನೋಡಿದರೆ, ಆ ಚಿತ್ರಗಳು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಿವೆ ಅನ್ನಿಸುತ್ತದೆ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ತೋಡಲು ಹೊರಟಿರುವ ಸುರಂಗ ರಸ್ತೆಯನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 17 ಕಿಲೋಮೀಟರ್. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಳಗೆ ಹೋಗಲು ಟೋಲ್ ಕಟ್ಟಬೇಕು. ಸ್ಕೂಟರಿಗೂ ಆಟೋಗೂ ಪ್ರವೇಶವಿಲ್ಲ. ಈ ಊರಿನ ವಾಹನಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ ಎಂಬುದು ಗೊತ್ತಿದ್ದೂ ಅವನ್ನು ಹೊರಗಿಟ್ಟ ರಸ್ತೆಯನ್ನು ಸಾರ್ವಜನಿಕ ರಸ್ತೆ ಎಂದು ಹೇಗೆ ಕರೆಯುವುದು? ಖಾಸಗಿಯವರೂ ಹಣ ಹಾಕುತ್ತಾರೆ ಎಂಬ ಸಮಾಧಾನ ಕೇಳಿಬರುತ್ತದೆ. ಹಾಕಿದ ಹಣವನ್ನು ಅವರು ಟೋಲಿನ ರೂಪದಲ್ಲಿ ಊರಿನಿಂದಲೇ ಎತ್ತುತ್ತಾರೆ. ಜಾಗ, ನೆಲದಡಿಯ ಹಕ್ಕು, ಅಗೆತದ ಧೂಳು ಎಲ್ಲವನ್ನೂ ಎಲ್ಲರೂ ಸೇರಿ ಕೊಡಬೇಕು. ಒಳಗೆ ಓಡಾಡುವವರು ಮಾತ್ರ ಕಾರಿದ್ದವರು.

ಸುರಂಗ ಶುರುವಾಗುವ ಜಾಗವನ್ನೂ ಮುಗಿಯುವ ಜಾಗವನ್ನೂ ಇನ್ನೊಮ್ಮೆ ನೋಡಿ. ಹೆಬ್ಬಾಳದಲ್ಲಿ ಮೇಲ್ಸೇತುವೆ ಇದೆ. ಸಿಲ್ಕ್ ಬೋರ್ಡಿನಲ್ಲೂ ಮೇಲ್ಸೇತುವೆ ಇದೆ. ಎರಡನ್ನೂ ಕಟ್ಟಿದ್ದು ದಟ್ಟಣೆ ತೀರಲಿ ಎಂದೇ. ಕಟ್ಟಿದ ಮೇಲೂ ರಾಜ್ಯದ ಯಾವ ಮೂಲೆಯಲ್ಲಿ ಕೇಳಿದರೂ ಬೆಂಗಳೂರಿನ ಟ್ರಾಫಿಕ್ ಎಂದರೆ ಜನ ಹೇಳುವುದು ಈ ಎರಡೇ ಹೆಸರನ್ನು. ಹೆಬ್ಬಾಳಕ್ಕೆ ಈಗ ಹೊಸ ಲೂಪುಗಳು ಸೇರುತ್ತಿವೆ. ಸಿಲ್ಕ್ ಬೋರ್ಡಿಗೆ 2024ರಲ್ಲಿ ರಾಗಿಗುಡ್ಡದ ಕಡೆಯಿಂದ ಡಬಲ್ ಡೆಕ್ಕರ್ ಸೇತುವೆಯೂ ಬಂತು. ಮೇಲೆ ಕಟ್ಟಿ ತೀರದ್ದನ್ನು ಕೆಳಗೆ ಅಗೆದು ತೀರಿಸುತ್ತೇವೆ ಎನ್ನುವವರು, ಮೊದಲು ಕಟ್ಟಿದ್ದರಿಂದ ಏಕೆ ತೀರಲಿಲ್ಲ ಎಂಬುದಕ್ಕಾದರೂ ಉತ್ತರ ಕೊಡಬೇಕು.

ಉತ್ತರ ಗುಟ್ಟೇನೂ ಅಲ್ಲ. ಸಾರಿಗೆ ತಜ್ಞರು ದಶಕಗಳಿಂದ ಹೇಳುತ್ತಿದ್ದಾರೆ. ರಸ್ತೆ ಅಗಲವಾದಾಗ ಕೆಲವು ತಿಂಗಳು ಹಗುರವಾಗುತ್ತದೆ. ಹಗುರವಾಗಿದೆ ಎಂದು ಗೊತ್ತಾದ ಕೂಡಲೇ ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ಬೇರೆ ದಾರಿ ಹಿಡಿದಿದ್ದವರು ಈ ಕಡೆ ಬರುತ್ತಾರೆ, ಹೊರಗಿನ ಬಡಾವಣೆಗಳಲ್ಲಿ ಸೈಟುಗಳು ಮಾರಾಟವಾಗುತ್ತವೆ. ಕೆಲವೇ ವರ್ಷಗಳಲ್ಲಿ ರಸ್ತೆ ಮೊದಲಿನಂತೆಯೇ ತುಂಬುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಲೇನುಗಳಷ್ಟು ಅಗಲ ಮಾಡಿದರು. ದಟ್ಟಣೆ ವಾಪಸ್ಸು ಬಂತು. ನಮ್ಮಲ್ಲಿ ಅಷ್ಟು ಜಾಗವೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಆಸೆ ಮಾತ್ರ ಅಷ್ಟೇ ಇದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಬಸ್ಸಿನ ಉದ್ದ 12 ಮೀಟರ್. ಅದರಲ್ಲಿ 60 ಜನ ಹೋಗುತ್ತಾರೆ. ಅದೇ 60 ಜನ ಒಬ್ಬೊಬ್ಬರೇ ಕಾರಿನಲ್ಲಿ ಹೊರಟರೆ, ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೂ ಸಾಲು 240 ಮೀಟರ್ ಆಗುತ್ತದೆ. ಚಲಿಸುವಾಗ ನಡುವೆ ಬಿಡಬೇಕಾದ ಅಂತರವನ್ನು ಇದರಲ್ಲಿ ಸೇರಿಸಿಲ್ಲ. ಸುರಂಗದ ಹಣದ ಲೆಕ್ಕವೂ ಹೀಗೆಯೇ ಇದೆ. ಬಸ್ಸೊಂದಕ್ಕೆ ಒಂದು ಕೋಟಿ ಎಂದು ಧಾರಾಳವಾಗಿಯೇ ಹಿಡಿದರೂ 17 ಸಾವಿರ ಬಸ್ಸುಗಳಾಗುತ್ತವೆ. ಬಿಎಂಟಿಸಿಯ ಬಳಿ ಈಗಿರುವುದು ಹೆಚ್ಚುಕಡಿಮೆ 7 ಸಾವಿರ. ಅಷ್ಟರಲ್ಲೇ ಅದು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಸಾಗಿಸುತ್ತಿದೆ. ಬಸ್ ಕೊಂಡರೆ ಸಾಲದು, ಡಿಪೊ ಬೇಕು, ಚಾಲಕರು ಬೇಕು, ವರ್ಷವರ್ಷವೂ ಖರ್ಚಿದೆ ಎಂಬುದು ನಿಜ. ಆದರೆ ಸುರಂಗಕ್ಕೂ ಗಾಳಿ, ಬೆಳಕು, ನೀರೆತ್ತುವ ಪಂಪುಗಳ ಖರ್ಚು ವರ್ಷವರ್ಷವೂ ಇದೆ. ಆ ಖರ್ಚಿನ ಬಗ್ಗೆ ಯಾರೂ 'ನಷ್ಟ' ಎಂಬ ಪದ ಬಳಸುವುದಿಲ್ಲ. ಬಸ್ಸಿನ ವಿಷಯ ಬಂದಾಗ ಮಾತ್ರ ಆ ಪದ ಎಲ್ಲರ ನಾಲಿಗೆಯ ಮೇಲಿರುತ್ತದೆ.

ನಮಗೆ ದಾರಿ ಗೊತ್ತಿಲ್ಲದೆ ಹೀಗಾಗುತ್ತಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದೆ, ಮಾಡಿಯೂ ನೋಡಿದ್ದೇವೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸುಗಳಿಗೆಂದೇ ಒಂದು ಲೇನ್ ಬಿಟ್ಟರು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಹೇಳಹೆಸರಿಲ್ಲದಂತಾಯಿತು. ಹುಬ್ಬಳ್ಳಿ–ಧಾರವಾಡದ ನಡುವೆ 'ಚಿಗರಿ' ಬಸ್ಸುಗಳು 2018ರಿಂದ ತಮ್ಮದೇ ಲೇನಿನಲ್ಲಿ ಓಡುತ್ತಿವೆ. ಅದರ ನಿರ್ಮಾಣದಲ್ಲಿ ದೋಷಗಳಿವೆ, ತಿದ್ದಬೇಕು. ಆದರೆ ಎದ್ದಿರುವ ಕೂಗು ತಿದ್ದಿ ಎಂಬುದಕ್ಕಿಂತ ಆ ಲೇನನ್ನು ಎಲ್ಲ ವಾಹನಗಳಿಗೂ ಬಿಡಿ ಎಂಬುದು. ಬಸ್ಸು ಖಾಲಿ ಲೇನಿನಲ್ಲಿ ಸರಾಗವಾಗಿ ಹೋಗುವುದನ್ನು ಪಕ್ಕದಲ್ಲಿ ನಿಂತ ಕಾರಿನಿಂದ ನೋಡುವುದು ಕಷ್ಟವೇ. ಆ ಕಷ್ಟದಿಂದ ಪಾರಾಗಲು ಬಸ್ಸನ್ನೂ ನಿಲ್ಲಿಸಿಬಿಡುವುದು ನಮ್ಮ ನ್ಯಾಯ. ಇನ್ನು ಬೆಂಗಳೂರಿನ ಉಪನಗರ ರೈಲು. 148 ಕಿಲೋಮೀಟರಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಎಷ್ಟು ಚಂದದ ಹೆಸರಿಟ್ಟಿದ್ದೇವೆ! 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದಾಗ 40 ತಿಂಗಳಲ್ಲಿ ಕನಸು ನನಸಾಗುತ್ತದೆ ಎಂಬ ಮಾತು ಕೇಳಿದ್ದೆವು. 40 ತಿಂಗಳು ಕಳೆದಾಗ ಒಂದು ಮಾರ್ಗದಲ್ಲೂ ರೈಲು ಓಡುತ್ತಿರಲಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಣೆ ನನಗೆ ಗೊತ್ತು. 'ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ನೂಕುನುಗ್ಗಲು, ಯಾರು ಹತ್ತುತ್ತಾರೆ?' ಬಸ್ಸು ತಡವಾಗುವುದು ಅದು ಕಾರುಗಳ ನಡುವೆ ಸಿಕ್ಕಿಕೊಂಡಿರುವುದರಿಂದ. ನೂಕುನುಗ್ಗಲಾಗುವುದು ಬಸ್ಸುಗಳು ಸಾಲದೆ ಇರುವುದರಿಂದ. ಯಾರು ಹತ್ತುತ್ತಾರೆ ಎಂಬ ಪ್ರಶ್ನೆಗೆ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಲೇ ಉತ್ತರ ಸಿಕ್ಕಿತು. ಟಿಕೆಟ್ಟಿನ ತಡೆ ಹೋದದ್ದೇ ತಡ, ಹೆಣ್ಣುಮಕ್ಕಳು ಬಸ್ ತುಂಬಿದರು. ಅವರನ್ನು ಕುರಿತು ಎಷ್ಟು ಕುಹಕದ ಜೋಕುಗಳು ಹರಿದಾಡಿದವು ಎಂಬುದನ್ನು ನೆನಪಿಸಿಕೊಳ್ಳಿ. ಆ ಜೋಕುಗಳ ಒಳಗೊಂದು ಸಿಟ್ಟಿತ್ತು: ಇವರಿಗೆಲ್ಲ ಮನೆಯಿಂದ ಹೊರಗೇನು ಕೆಲಸ? ಇದರ ಪಕ್ಕದಲ್ಲಿ ಮೆಟ್ರೊ ದರದ ಕಥೆ ಇಡಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಒಂದು ಕಡೆ ಕಾರಿಗೆ ಸುರಂಗ, ಇನ್ನೊಂದು ಕಡೆ ಜನರ ರೈಲಿಗೆ ದರ ಏರಿಕೆ. ಆಡಳಿತಕ್ಕೆ ಯಾರ ಓಡಾಟ ಮುಖ್ಯ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ವಚನಕಾರರು ನಮಗೆ ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಬಿಟ್ಟುಹೋಗಿದ್ದಾರೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ನಮ್ಮ ಸಾರಿಗೆ ನೀತಿ ಜಂಗಮದ ಹೆಸರು ಹೇಳಿಕೊಂಡು ಸ್ಥಾವರ ಕಟ್ಟುತ್ತಿದೆ. ಸ್ಥಾವರಕ್ಕೆ ಅಡಿಗಲ್ಲು ಹಾಕಬಹುದು, ಉದ್ಘಾಟನೆ ಮಾಡಬಹುದು, ಫಲಕದಲ್ಲಿ ಹೆಸರು ಕೆತ್ತಿಸಬಹುದು, ಗುತ್ತಿಗೆಯನ್ನೂ ಕೊಡಬಹುದು. ಹತ್ತು ನಿಮಿಷಕ್ಕೊಂದು ಬಸ್ಸು ತಪ್ಪದೆ ಬಂದರೆ ಅದಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ?

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ತರಗತಿಯ ಹುಡುಗ ಹುಡುಗಿಯರಲ್ಲಿ ಹಲವರು ಎರಡು ಬಸ್ಸು ಬದಲಿಸಿ ಬರುತ್ತಾರೆ. ಮೊದಲ ಪೀರಿಯಡ್ಡು ಅವರ ಪಾಲಿಗೆ ಇಲ್ಲವೆಂದೇ ಲೆಕ್ಕ. ಹಾಸ್ಟೆಲಿಗೆ ದುಡ್ಡಿಲ್ಲದವರು ದೂರದಿಂದ ಬರುತ್ತಾರೆ, ದೂರದಿಂದ ಬರುವವರು ಸುಸ್ತಾಗಿರುತ್ತಾರೆ, ಸುಸ್ತಾದವರ ಅಂಕ ಇಳಿಯುತ್ತದೆ. ಊರಿನ ರಸ್ತೆಯನ್ನು ಯಾರಿಗೆ ಹಂಚಿದ್ದೇವೆ ಎಂಬುದು ಹಾಜರಿ ಪುಸ್ತಕದಲ್ಲೂ ಕಾಣುತ್ತದೆ.

ಆದ್ದರಿಂದ ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ನೇರವಾಗಿಯೇ ಹೇಳುತ್ತೇನೆ. 2016ರ ಅಕ್ಟೋಬರ್‌ನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡ ಎಂದು ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅಂದು 'ಬೇಡ' ಎಂದದ್ದು ಫಲಿಸಿತು, ಆದರೆ 'ಇದು ಬೇಕು' ಎಂದು ನಾವು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ಈಗ ಹೇಳಬೇಕು. ಮುಖ್ಯ ರಸ್ತೆಗಳಲ್ಲೆಲ್ಲ ಬಸ್ಸಿಗೆ ಒಂದು ಲೇನ್ ಬೇಕು. ಬಸ್ಸುಗಳ ಸಂಖ್ಯೆ ಎರಡು ಪಟ್ಟಾಗಬೇಕು. ಅಜ್ಜಿಯೊಬ್ಬರು ಯಾರ ಕೈಯನ್ನೂ ಹಿಡಿಯದೆ ನಡೆಯಬಲ್ಲ ಫುಟ್‌ಪಾತ್ ಬೇಕು. ನಿಮ್ಮ ವಾರ್ಡಿಗೆ ಮತ ಕೇಳಿಕೊಂಡು ಬರುವವರನ್ನು ಮನೆಯ ಬಾಗಿಲಲ್ಲಿ ಮಾತಾಡಿಸಿ ಕಳಿಸಬೇಡಿ. ಬೆಳಗ್ಗೆ ಎಂಟೂವರೆಗೆ ಹತ್ತಿರದ ಬಸ್ ಸ್ಟಾಪಿಗೆ ಬನ್ನಿ, ಅಲ್ಲಿ ಮಾತಾಡೋಣ ಎನ್ನಿ.